ಅಕ್ಕ ಕೂತ ಕ ತುಕಡಿ

ಆಗೆಲ್ಲ ಬನಹಟ್ಟಿಯ ನಮ್ಮ ಓಣಿಗೆ ಕರೆಂಟು ಬಂದಾಗಲೇ ಬೆಳಗಾಗುತ್ತಿತ್ತು. ಯಾವುದೋ ಒಂದು ಮನೆಯ ಪಾವರ್‌ಲೂಮ್ ಖಟಕ್ ಎಂದು ಸುರುವಾದರೆ ಸಾಕು, ಅದರ ಹಿಂದೆಯೇ ಇಡೀ ಓಣಿ ಎದ್ದು ಕೂರುತ್ತಿತ್ತು. ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ, ಅವ್ವನ ಹಂಚಿನ ಮೇಲೆ ರೊಟ್ಟಿ ಬೇಯುವ ವಾಸನೆ, ಮೂರೂ ಕಲೆತು ಒಂದೇ ಆಗಿರುತ್ತಿತ್ತು. ಈಗಲೂ ಯಾರಾದರೂ ಹೊಸ ನೂಲಿನ ಸೀರೆಯ ಮಡಿಕೆ ಬಿಚ್ಚಿದರೆ ನನಗೆ ಹಸಿವಾಗುತ್ತದೆ. ನಗಬೇಡಿ, ಖರೇನೇ ಹೇಳುತ್ತಿದ್ದೇನೆ.

ನಮ್ಮದು ನಾಲ್ಕು ಮಗ್ಗದ ಮನೆ. ಪಡಸಾಲೆ ಅಂತ ಬೇರೆ ಇರಲಿಲ್ಲ. ಮಗ್ಗಗಳ ಸಂದಿಯಲ್ಲೇ ಊಟ, ಅಲ್ಲೇ ಹಾಸಿಗೆ, ಬಂದ ಬೀಗರಿಗೂ ಅಲ್ಲೇ ಚಹಾ. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಗಂಟಲು ಹರಿಯುವಂತೆ ಒದರಬೇಕು, ಇಲ್ಲವಾದರೆ ದನಿಯನ್ನೇ ತೆಗೆಯದೆ ತುಟಿಯಲ್ಲಿ ಮಾತಾಡಬೇಕು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿ ಆಡಿಸಿದರೆ ಆ ತುದಿಯ ಮಗ್ಗದ ಮುಂದಿದ್ದ ಅಪ್ಪನಿಗೆ, "ಎಣ್ಣಿ ತೀರೇತಿ, ಸಂಜಿಕ ತೊಗೊಂಡ್ ಬರ್ರಿ" ಎಂದದ್ದು ಚೊಕ್ಕ ತಿಳಿಯುತ್ತಿತ್ತು. ಅಪ್ಪ ಅಲ್ಲಿಂದಲೇ ತುಟಿಯಲ್ಲಿ, "ಮೊನ್ನೆರ ತಂದೀನಲ್ಲ, ಕುಡದೀರೇನು?" ಎಂದು ಕೇಳಿದ್ದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಅಕ್ಷರ ಕಲಿಯುವ ಮೊದಲೇ ನಾನೂ ಅಕ್ಕನೂ ತುಟಿ ಓದಲು ಕಲಿತಿದ್ದೆವು. ಅದಕ್ಕೊಂದು ಹೆಸರಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆವು.

ಅಕ್ಕ ಎಂದರೆ ಕಸ್ತೂರಿ. ನನಗಿಂತ ಎರಡು ವರ್ಷ ದೊಡ್ಡವಳು, ಆದರೆ ಇಬ್ಬರೂ ಒಂದೇ ಇಯತ್ತೆ. ಇದು ನಮ್ಮ ಓಣಿಯ ರೂಢಿ. ಹೆಣ್ಣುಮಗುವನ್ನು ಒಂಟಿಯಾಗಿ ಶಾಲೆಗೆ ಕಳಿಸುತ್ತಿರಲಿಲ್ಲ. ತಂಗಿ ದೊಡ್ಡವಳಾಗುವ ತನಕ ಅಕ್ಕನನ್ನು ಮನೆಯಲ್ಲಿಟ್ಟುಕೊಂಡು ಇಬ್ಬರ ಹೆಸರನ್ನೂ ಒಂದೇ ದಿನ ಹಚ್ಚುತ್ತಿದ್ದರು. "ಕೂಡೇ ಹೋಗ್ಲಿ, ಕೂಡೇ ಬರ್ಲಿ" ಎಂದಿದ್ದನಂತೆ ಅಪ್ಪ. ನನಗೆ ಶಾಲೆಯ ವಯಸ್ಸಾಗುವ ತನಕ ಅಕ್ಕ ರಾಟಿಯ ಮುಂದೆ ಕೂತು, ಲಾಳಿಯಲ್ಲಿ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹೀಗಾಗಿ ಒಂದನೆಯ ಇಯತ್ತೆಯಿಂದ ಎಂಟನೆಯ ತನಕ ನಮಗೆ ಒಂದೇ ಬೆಂಚು, ಒಂದೇ ಡಬ್ಬಿ, ಒಂದೇ ಛತ್ರಿ. ಎಡಗಡೆ ಅಕ್ಕ ಕೂತಿಲ್ಲದ ಶಾಲೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನಾವು ಒಂಬತ್ತನೆಯದಕ್ಕೆ ಬಂದ ವರ್ಷ ಶಾಲೆಗೆ ಹೊಸ ಹೆಡ್‌ಸರ್ ಬಂದರು. ಕೆಟ್ಟವರಲ್ಲ, ಪಾಪ. ಹುಡುಗರಿಗೆ ಹೊಡೆದದ್ದನ್ನು ನಾನು ನೋಡಿಲ್ಲ. ಹತ್ತನೆಯ ರಿಸಲ್ಟು ಮೇಲೆತ್ತಬೇಕೆಂಬುದೊಂದೇ ಅವರ ತಲೆಯಲ್ಲಿತ್ತು. ಅಲ್ಲಿಯ ತನಕ ಯಾರು ಯಾವ ತುಕಡಿ ಎಂಬುದಕ್ಕೆ ಹಿಂದುಮುಂದು ಇರಲಿಲ್ಲ. ಒಂದು ವರ್ಗದ ಮಕ್ಕಳನ್ನು ಅ, ಬ, ಕ ಎಂದು ಭಾಗ ಮಾಡಿದ್ದಕ್ಕೆ ನಮ್ಮ ಕಡೆ ತುಕಡಿ ಎನ್ನುತ್ತಿದ್ದರು, ಅಷ್ಟೇ. ಅಕ್ಕತಂಗಿಯರೆಂದರೆ ಒಂದೇ ಕಡೆ ಕೂರಿಸುತ್ತಿದ್ದರು. ಹೊಸ ಹೆಡ್‌ಸರ್ ಎಂಟನೆಯ ಮಾರ್ಕು ತೆಗೆದು ಜಾಣರನ್ನು ಅ ತುಕಡಿಗೆ, ನಡುವಿನವರನ್ನು ಬ ತುಕಡಿಗೆ, ಉಳಿದವರನ್ನು ಕ ತುಕಡಿಗೆ ಹಾಕಿದರು.

ಜೂನಿನ ಮೊದಲ ಮಳೆ ಬಿದ್ದು ಮೈದಾನವೆಲ್ಲ ಕರಿ ಕೆಸರಾಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಹೆಸರು ಓದಿದರು. ನನ್ನ ಹೆಸರು ಅ ತುಕಡಿಯಲ್ಲಿ ಬಂತು. ನಾನು ಅಕ್ಕನ ಕೈ ಹಿಡಿದುಕೊಂಡೇ ಹೊರಟೆ. ಸಾಲಿನ ತುದಿಯಲ್ಲಿದ್ದ ವಿಜ್ಞಾನದ ಸರ್ ತಡೆದರು.

"ಈಕಿ ಎಲ್ಲಿ ಹೊಂಟಾಳ?"

"ನಮ್ಮಕ್ಕರೀ ಸರ್."

"ಅಕ್ಕ ಆದ್ರ ಏನಾತು? ಆಕಿ ಹೆಸರು ಇನ್ನೂ ಬಂದಿಲ್ಲ. ಕೈ ಬಿಡು."

ಅಕ್ಕನೇ ಕೈ ಬಿಡಿಸಿಕೊಂಡಳು. ಅವಳ ಹೆಸರು ಬಂದದ್ದು ಕೊನೆಗೆ, ಕ ತುಕಡಿಯಲ್ಲಿ. ಅಕ್ಕ ದಡ್ಡಿಯಲ್ಲ. ಎಂಟನೆಯ ಪರೀಕ್ಷೆಯ ಹೊತ್ತಿಗೆ ಅವ್ವ ಹೊಟ್ಟೆನೋವಿನಿಂದ ಹಾಸಿಗೆ ಹಿಡಿದಿದ್ದಳು. ಆ ತಿಂಗಳೆಲ್ಲ ಅಡುಗೆ ಮಾಡಿದ್ದು, ಕಂಡಿಕೆ ಸುತ್ತಿದ್ದು, ನನ್ನನ್ನು ಓದಲು ಕೂರಿಸಿದ್ದು ಅಕ್ಕ. ನನ್ನ ಮಾರ್ಕಿನ ಅರ್ಧ ಅವಳ ಕೈಯ ರೊಟ್ಟಿಯಲ್ಲಿತ್ತು. ಅದನ್ನು ಯಾವ ಮಾಸ್ತರರು ಎಣಿಸುತ್ತಾರೆ?

ಅ ತುಕಡಿ ಮಹಡಿಯ ಮೇಲೆ. ಅಲ್ಲಿ ಫ್ಯಾನು, ಹೊಸ ಬೆಂಚು, ಗೋಡೆಗೆ ಬಣ್ಣ. ಕ ತುಕಡಿ ಮೈದಾನದ ಆಚೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮಳೆ ಬಂದರೆ ಅಲ್ಲಿ ಪಾಠ ಕೇಳಿಸುತ್ತಿರಲಿಲ್ಲ. ಮಳೆ ಇಲ್ಲದ ದಿನವೂ ಅಲ್ಲಿಗೆ ಸರ್‌ಗಳು ಹೋಗುತ್ತಿದ್ದದ್ದು ಅಷ್ಟಕ್ಕಷ್ಟೇ. "ಕ ಅಂದ್ರ ಕಸ" ಎಂದು ಹುಡುಗರು ಮೊದಲ ವಾರವೇ ಕಂಡುಹಿಡಿದರು. ಇಂಥದ್ದಕ್ಕೆಲ್ಲ ಅವರ ತಲೆ ಭಾರೀ ಓಡುತ್ತಿತ್ತು.

ನನ್ನ ಬೆಂಚಿನಲ್ಲಿ ಡಾಕ್ಟರರ ಮಗಳು ಮತ್ತು ಅಡತಿ ಅಂಗಡಿಯವರ ಮಗಳು. ಒಳ್ಳೆಯ ಹುಡುಗಿಯರೇ. ಆದರೆ ಅವರು ಮಾತಾಡುತ್ತಿದ್ದ ದನಿ ನನಗೆ ಬರುತ್ತಿರಲಿಲ್ಲ. ಮೆಲ್ಲಗೂ ಅಲ್ಲದ ಜೋರೂ ಅಲ್ಲದ ನಡುವಿನ ಒಂದು ದನಿ ಇರುತ್ತದಲ್ಲ, ಅದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಮೊದಲ ದಿನ ಗಣಿತದ ಅಕ್ಕೋರು ಹಾಜರಿ ಕೂಗಿದಾಗ ನಾನು "ಹಾಜರ್‌ರೀ!" ಎಂದದ್ದಕ್ಕೆ ಇಡೀ ಕೋಣೆ ಬೆಚ್ಚಿಬಿತ್ತು.

"ಯವ್ವಾ, ಯಾಕಿಷ್ಟು ಒದರತಿ? ನಿಮ್ಮ ಮನ್ಯಾಗ ಎಲ್ಲಾರೂ ಕಿವುಡರೇನು?" ಎಂದರು ಅಕ್ಕೋರು. ಚೇಷ್ಟೆಗೇ ಅಂದರು, ಬೈದದ್ದಲ್ಲ. ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಅಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟೆ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಮಧ್ಯಾಹ್ನದ ರಜೆಯಲ್ಲಿ ಅ ತುಕಡಿಗೆ ಬೇರೆ ಹೆಚ್ಚಿನ ಪಾಠ ಇರುತ್ತಿತ್ತು, ಕೆಳಗಿಳಿಯುವ ಹಾಗಿರಲಿಲ್ಲ. ಅವ್ವ ಈಗ ಎರಡು ಡಬ್ಬಿ ಕಟ್ಟುತ್ತಿದ್ದಳು. ಕಟಕರೊಟ್ಟಿ ಮುರಿದರೆ ಸದ್ದಾಗುತ್ತದೆಂದು ಅದನ್ನು ಮಡಿಕೆಕಾಳಿನ ಪಲ್ಯದಲ್ಲಿ ನೆನೆಯಲು ಬಿಟ್ಟು, ಮೆತ್ತಗಾದ ಮೇಲೆ ತಿನ್ನುತ್ತಿದ್ದೆ. ಅಷ್ಟು ಮಂದಿಯ ನಡುವೆ ಅಷ್ಟು ಒಬ್ಬಂಟಿಯಾಗಿ ನಾನು ಮತ್ತೆಂದೂ ಉಂಡಿಲ್ಲ.

ಉಳಿಸಿದ್ದು ಕಿಟಕಿ. ನನ್ನ ಜಾಗ ಕಿಟಕಿಯ ಪಕ್ಕ, ಅಕ್ಕ ಶೆಡ್ಡಿನ ಬಾಗಿಲಲ್ಲಿ ಕೂರುತ್ತಿದ್ದಳು. ಬೇಕೆಂದೇ ಅಲ್ಲಿ ಕೂತಳೋ, ಮತ್ತೆಲ್ಲೂ ಜಾಗ ಸಿಗಲಿಲ್ಲವೋ, ನಾನು ಕೇಳಲಿಲ್ಲ. ನಡುವೆ ಇಡೀ ಮೈದಾನ, ಒಂದು ಬೇವಿನ ಗಿಡ. ಅಷ್ಟು ದೂರ ನಮಗೇನು ಲೆಕ್ಕ?

"ರೊಟ್ಟಿ ತಿಂದಿ?" ಎನ್ನುತ್ತಿತ್ತು ಅಕ್ಕನ ತುಟಿ.

"ತಿಂದೆ. ಪಲ್ಯಾಕ ಉಪ್ಪು ಭಾಳ ಆಗೇತಿ."

"ನಾನ ಹಾಕೀನಿ. ಸುಮ್ನ ತಿನ್ನು."

ಒಮ್ಮೆ ನಾನು ಏನೂ ಕಾರಣವಿಲ್ಲದೆ, "ಅಕ್ಕಾ, ನಂಗಿಲ್ಲಿ ಬ್ಯಾಸರಾಗೇತಿ" ಎಂದೆ. ಅವಳು ಸುತ್ತ ನೋಡಿ, "ನಾ ಬರ್ತೇನಿ ತಡಿ" ಎಂದಳು.

ಬರುವುದಕ್ಕೆ ದಾರಿಯೂ ಇತ್ತು. ದಸರೆಯ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರನ್ನು ಮೇಲಿನ ತುಕಡಿಗೆ ಹತ್ತಿಸುವುದಾಗಿ ಹೆಡ್‌ಸರ್ ಹೇಳಿದ್ದರು. ಇತ್ತ ಅಪ್ಪ ಬೇರೆ ಮಾತು ತೆಗೆದಿದ್ದ. ನಾಗರ ಪಂಚಮಿಯ ದಿನ ಎಲ್ಲರೂ ಅಳ್ಳು, ಶೇಂಗಾ ಉಂಡಿ ತಿನ್ನುತ್ತ ಕೂತಾಗ, ಮಗ್ಗ ನಿಂತಿದ್ದರಿಂದ ಅಪ್ಪನ ದನಿ ದೊಡ್ಡದಾಗಿಯೇ ಕೇಳಿತು.

"ಕಸ್ತೂರಿ, ನಿನ್ನ ಸಾಲ್ಯಾಗ ಪಾಠಾನ ನಡ್ಯಂಗಿಲ್ಲಂತ. ಸುಮ್ನ ಶೆಡ್ಡಿನ್ಯಾಗ ಕುಂತು ಬರೂದಕ್ಕ ಯಾಕ ಹೋಗಬೇಕವಾ? ಮನ್ಯಾಗ ನಾಕನೇ ಮಗ್ಗಕ್ಕ ಆಳು ಸಿಗವಲ್ರು."

"ಪರೀಕ್ಷಾ ಆಗ್ಲಿ ಅಪ್ಪಾ. ನಾ ಮ್ಯಾಲ ಹೋಗ್ತೇನಿ."

"ಹೋದ್ರ ಛಲೋ ಆತು. ಹೋಗಲಿಲ್ಲಂದ್ರ ಮಗ್ಗ. ಆತಿಲ್ಲೋ?"

"ಆತು" ಎಂದಳು ಅಕ್ಕ. ಆ ಸಲ ಅವಳು ಜೋಕಾಲಿ ಹತ್ತಲೇ ಇಲ್ಲ. ಓಣಿಯ ಹುಡುಗಿಯರು ಕರೆದು ಕರೆದು ಸಾಕಾಗಿ ಹೋದರು.

ಆಗಿನಿಂದ ಸಂಜೆ ನಮ್ಮದೊಂದು ಬೇರೆಯೇ ಶಾಲೆ ನಡೆಯಿತು. ಅಕ್ಕ ಮಗ್ಗದ ಮುಂದೆ ನಿಂತಿರುತ್ತಿದ್ದಳು. ನಾನು ಎದುರಿಗೆ ನೂಲಿನ ಚೀಲದ ಮೇಲೆ ಕೂತು, ಪುಸ್ತಕ ತೆರೆದು, ಅ ತುಕಡಿಯಲ್ಲಿ ಅವತ್ತು ಹೇಳಿದ ಪಾಠವನ್ನು ತುಟಿಯಲ್ಲಿ ಹೇಳುತ್ತಿದ್ದೆ. ಅವಳು ಒಂದು ಕಣ್ಣು ಎಳೆಯ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟು ತಿರುಗಿ ತುಟಿಯಲ್ಲೇ ಒಪ್ಪಿಸುತ್ತಿದ್ದಳು. ಎಳೆ ಹರಿದರೆ ಪಾಠವೂ ನಿಲ್ಲುತ್ತಿತ್ತು. ಗಂಟು ಹಾಕಿ, ಮಗ್ಗದ ಹಿಡಿ ಎಳೆದು ಚಾಲೂ ಮಾಡಿ, "ಹೂಂ, ಮುಂದ" ಎನ್ನುತ್ತಿದ್ದಳು. ನಾನು ಯಾರೋ ದೊಡ್ಡ ಅಕ್ಕೋರ ಹಾಗೆ ಸಿಟ್ಟು ಮಾಡುತ್ತಿದ್ದೆ. ಅವಳಿಗೆ ಬೇಗ ಹತ್ತುತ್ತಿತ್ತು. ಪುಸ್ತಕವನ್ನು ಕೈಯಲ್ಲಿ ಹಿಡಿಯದೆಯೇ ಇಡೀ ವಿಜ್ಞಾನ ಅವಳ ಬಾಯಿಗೆ ಬಂತು. ಹಗಲೆಲ್ಲ ಮೂಕಿಯಾಗಿರುತ್ತಿದ್ದ ನನಗೆ ಆ ಸಂಜೆಗಳು ಎಷ್ಟು ಸಿಹಿಯಾಗಿದ್ದವೆಂದು ಹೇಳಲಾರೆ.

ಪರೀಕ್ಷೆ ಬಂತು. ವಿಜ್ಞಾನದ ದಿನ ನನಗೆ ಜ್ವರ. ಅವ್ವ ಬೇಡವೆಂದರೂ ಹೋಗಿ ಬರೆಯುತ್ತಿದ್ದೆ. ನಡುವೆ ಒಮ್ಮೆ ಕಣ್ಣು ಕತ್ತಲೆ ಬಂದಂತಾಗಿ ಕಿಟಕಿಯ ಸರಳು ಹಿಡಿದುಕೊಂಡೆ. ಶೆಡ್ಡಿನ ಬಾಗಿಲಿನಿಂದ ಅಕ್ಕ ನೋಡಿದಳು.

"ಮೈ ಹೆಂಗೈತಿ?"

"ಬಿಸಿ ಐತಿ. ಆತು, ಇನ್ನೊಂದ ಸ್ವಲ್ಪ. ನೀ ಬರಿ."

ಇಷ್ಟೇ. ದೇವರಾಣೆ, ಇದರ ಮೇಲೆ ಒಂದಕ್ಷರ ಇಲ್ಲ. ಅಷ್ಟರಲ್ಲಿ ನನ್ನ ಹಿಂದೆ ವಿಜ್ಞಾನದ ಸರ್ ನಿಂತಿದ್ದರು. ಕಿಟಕಿಯ ಆಚೆ ಒಮ್ಮೆ ನೋಡಿ ಮುಂದಿನ ಬೆಂಚಿಗೆ ಹೋದರು.

ಪೇಪರು ತಿದ್ದಿ ಬಂದಾಗ ಅಕ್ಕನ ಎಲ್ಲ ವಿಷಯವೂ ಮೇಲೆ ಹತ್ತುವಷ್ಟಿತ್ತು. ವಿಜ್ಞಾನದಲ್ಲಂತೂ ಅ ತುಕಡಿಯ ಎಷ್ಟೋ ಮಂದಿಯನ್ನು ದಾಟಿದ್ದಳು. ಅವಳು ಶೆಡ್ಡಿನಿಂದ ಓಡಿ ಬಂದು ಬೇವಿನ ಗಿಡದ ಕೆಳಗೆ ನಿಂತು ನನಗೆ ತುಟಿಯಲ್ಲಿ ಹೇಳಿದಳು: "ಬಂದೆ ನೋಡು!" ನಾನು ನನ್ನ ಬೆಂಚಿನಲ್ಲಿ ಸರಿದು ಎಡಗಡೆ ಜಾಗ ಮಾಡಿದೆ. ಡಾಕ್ಟರರ ಮಗಳಿಗೆ "ಇಲ್ಲಿ ನಮ್ಮಕ್ಕ ಕುಂದ್ರತಾಳ" ಎಂದೂ ಹೇಳಿಬಿಟ್ಟೆ. ಜೋರಾಗಿಯೇ ಹೇಳಿದೆ. ಎಷ್ಟೋ ತಿಂಗಳಿನ ಮೇಲೆ ನನ್ನ ದನಿ ನನಗೇ ಕೇಳಿಸಿತು.

ಸಂಜೆಯೊಳಗೆ ಇಬ್ಬರಿಗೂ ಹೆಡ್‌ಸರ್ ಕೋಣೆಯಿಂದ ಕರೆ ಬಂತು. ವಿಜ್ಞಾನದ ಸರ್, ಗಣಿತದ ಅಕ್ಕೋರು ಎಲ್ಲ ಇದ್ದರು. ಹೆಡ್‌ಸರ್ ನಗುಮುಖದಿಂದಲೇ ಕೇಳಿದರು.

"ಏನವಾ, ನೀವಿಬ್ರೂ ಸದ್ದಿಲ್ದ ಮಾತಾಡ್ತೀರಂತಲ್ಲ, ಖರೇನ?"

"ಹೌದ್ರಿ ಸರ್. ಮಗ್ಗದ ಮನ್ಯಾಗ ಎಲ್ಲಾರೂ ಮಾತಾಡ್ತಾರ್ರಿ."

"ಇಷ್ಟು ದೂರಿಂದ ತಿಳೀತೈತಿ?"

"ತಿಳೀತೈತ್ರಿ!" ಎಂದೆವು ಇಬ್ಬರೂ ಕೂಡಿ. ನಮ್ಮ ಮನೆಯ ವಿದ್ಯೆಯ ಬಗ್ಗೆ ಇಷ್ಟು ದೊಡ್ಡವರು ಕೇಳಿದ್ದು ಅದೇ ಮೊದಲು.

"ಎಲ್ಲಿ, ತೋರಸ್ರಿ ನೋಡೂಣು."

ಅಕ್ಕನನ್ನು ಮೈದಾನದ ಆಚೆ ಶೆಡ್ಡಿನ ಮುಂದೆ ನಿಲ್ಲಿಸಿದರು. ನನ್ನನ್ನು ಮಹಡಿಯ ಮೇಲೆ, ಕಿಟಕಿಯ ಹತ್ತಿರ. ಹೆಡ್‌ಸರ್ ವಿಜ್ಞಾನದ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಎಲ್ಲ ಕಿಟಕಿಗಳಲ್ಲೂ ಹುಡುಗರ ತಲೆ. ನನ್ನ ಎದೆ ಉಬ್ಬಿತ್ತು. ಅ ತುಕಡಿಯವರು ಮೊದಲ ಸಲ ನನ್ನನ್ನು ಬೆರಗಿನಿಂದ ನೋಡುತ್ತಿದ್ದರು. "ಜೀವಕೋಶವು" ಎಂದು ತುಟಿ ಆಡಿಸಿದೆ. "ಜೀವಿಯ" ಎಂದೆ. ಅಷ್ಟರಲ್ಲಿ ಕೆಳಗಿನಿಂದ ಅಕ್ಕನ ಮಗ್ಗದ ಮನೆಯ ಗಂಟಲು ಇಡೀ ಶಾಲೆಗೆ ಕೇಳುವಂತೆ ಎದ್ದಿತು.

"ಜೀವಕೋಶವು ಜೀವಿಯ ರಚನೆಯ ಮತ್ತು ಕಾರ್ಯದ ಮೂಲ ಘಟಕವಾಗಿದೆ!"

ಹುಡುಗರು ಹೋ ಎಂದು ಚಪ್ಪಾಳೆ ಹೊಡೆದರು. "ಅಬಬಬ, ಏನ್ ಹುಡಿಗ್ಯಾರಿವು!" ಎಂದರು ಅಕ್ಕೋರು. ಕೆಳಗೆ ಅಕ್ಕ ಸೆರಗಿನ ಹಾಗೆ ದುಪ್ಪಟ್ಟದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ವಿಜ್ಞಾನದ ಸರ್ ಪುಸ್ತಕ ಮುಚ್ಚಿದರು.

"ಆತಲ್ರಿ ಸರ್. ಇನ್ನೇನು ನೋಡೂದೈತಿ?"

ಹೆಡ್‌ಸರ್ ಮುಖ ಇಳಿದದ್ದನ್ನು ನೋಡಿದ ಮೇಲೆಯೇ ನನಗೆ ಏನಾಯಿತೆಂದು ಹೊಳೆದದ್ದು. ಪರೀಕ್ಷೆಯಲ್ಲಿ ನಾನು ಉತ್ತರ ಹೇಳಿಕೊಟ್ಟಿದ್ದೇನೆ ಎಂಬುದಕ್ಕೆ ನಾವೇ ಕುಣಿಯುತ್ತ ಸಾಕ್ಷಿ ಹೇಳಿದ್ದೆವು.

"ಇಲ್ರೀ ಸರ್! ನಾ ಇನ್ನೂ ಅರ್ಧಾನೂ ಹೇಳಿದ್ದಿಲ್ರಿ! ಎರಡ ಶಬ್ದಕ್ಕ ಆಕಿ ಪೂರಾ ಹೇಳಿದಳ್ರಿ! ಆಕಿಗೆ ಬರ್ತೈತ್ರಿ ಸರ್, ಏನರ ಕೇಳ್ರಿ, ನನ್ನ ಹೊರಗ ಹಾಕಿ ಕೇಳ್ರಿ!"

"ಮೆಲ್ಲಕ ಮಾತಾಡು" ಎಂದರು ವಿಜ್ಞಾನದ ಸರ್.

ಮೆಲ್ಲಗೆ ಹೇಗೆ ಮಾತಾಡಲಿ? ನನಗೆ ಬರುತ್ತಿದ್ದದ್ದು ಒದರುವುದೊಂದೇ. ಹೆಡ್‌ಸರ್ ನನ್ನ ಬೆನ್ನು ತಟ್ಟಿ, "ನೀ ಅಂಜಬ್ಯಾಡವಾ. ನಿನ್ನ ಮಾರ್ಕಿಗೇನೂ ಮಾಡಂಗಿಲ್ಲ. ಅಕ್ಕನ ಮ್ಯಾಲಿನ ಪ್ರೀತಿಗೆ ಮಾಡೀದಿ, ನನಗ ತಿಳೀತೈತಿ" ಎಂದರು. ಅಕ್ಕನ ವಿಜ್ಞಾನದ ಮಾರ್ಕು ಹೊಡೆದು ಹಾಕಿದರು. ನಾನು ಅವರಿಗೆ ಬೇಕಾಗಿದ್ದೆ. ಹತ್ತನೆಯದರಲ್ಲಿ ಶಾಲೆಯ ಹೆಸರು ತರುವವಳು. ಅಕ್ಕ ಬೇಕಾಗಿರಲಿಲ್ಲ. ಒಂದೇ ಒಂದು ಪ್ರಶ್ನೆ ಅವಳಿಗೇ ನೇರವಾಗಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಕ ತುಕಡಿಯವಳಿಗೆ ಯಾರು ಕೇಳುತ್ತಾರೆ? ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಅವರು ಮೃದುವಾಗಿ ಮಾತಾಡಿದ್ದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ.

ಅವತ್ತು ದಾರಿಯಲ್ಲಿ ಅಕ್ಕ ನನ್ನ ಮುಂದೆ ಮುಂದೆ ನಡೆದಳು. ನಾನು ಅಳುತ್ತ ಬಂದೆ, ಅವಳು ಅಳಲಿಲ್ಲ. ಅಪ್ಪ ಎಲ್ಲವನ್ನೂ ಕೇಳಿ ಹಣೆ ಉಜ್ಜಿಕೊಂಡ. ನಮ್ಮ ಮೇಲೆ ಅವನಿಗೆ ಅನುಮಾನ ಬರಲಿಲ್ಲ. ಮರುದಿನ ಅವ್ವ ಶಾಲೆಗೆ ಹೋಗಿ ಬಾಗಿಲಲ್ಲಿ ಬಹಳ ಹೊತ್ತು ನಿಂತು, "ತಿರುಗಿ ಪರೀಕ್ಷಾ ತೊಗೋರಿ" ಎಂದು ಕೇಳಿ ಬಂದಳು. "ನೋಡೋಣ" ಎಂದರಂತೆ. ನೋಡಲಿಲ್ಲ. ದೀಪಾವಳಿ ಮುಗಿದ ಮೇಲೆ ಅಕ್ಕ ನಾಲ್ಕನೆಯ ಮಗ್ಗದ ಮುಂದೆ ನಿಂತಳು. "ಕೂಡೇ ಹೋಗ್ಲಿ" ಎಂದಿದ್ದ ಅಪ್ಪ ನನ್ನನ್ನು ಒಬ್ಬಳನ್ನೇ ಕಳಿಸಲು ಒಪ್ಪಿಕೊಂಡ. ನಾನೀಗ ದೊಡ್ಡವಳಾಗಿದ್ದೆನಂತೆ.

ಶಾಲೆಯಲ್ಲಿ ಕಿಟಕಿ ಇತ್ತು, ಮೈದಾನ ಇತ್ತು. ಶೆಡ್ಡಿನ ಬಾಗಿಲಲ್ಲಿ ಬೇರೊಬ್ಬ ಹುಡುಗಿ ಕೂರುತ್ತಿದ್ದಳು. ಅದನ್ನಾದರೂ ನಾನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಮನೆಯಲ್ಲಿ ಆದದ್ದು. ಮೊದಲ ಸಂಜೆ ನೂಲಿನ ಚೀಲದ ಮೇಲೆ ಕೂತು ಎಂದಿನಂತೆ ತುಟಿಯಲ್ಲಿ, "ಅಕ್ಕಾ, ಇವತ್ತ ಏನಾತು ಗೊತ್ತೇನ?" ಎಂದೆ. ಅವಳು ನನ್ನ ಮುಖ ನೋಡಿದಳು. ನೋಡಿ, ಹಿಡಿ ಎಳೆದು ಮಗ್ಗ ನಿಲ್ಲಿಸಿದಳು.

"ಏನಂದಿ?" ಎಂದಳು ಬಾಯಿಬಿಟ್ಟು.

ಇಡೀ ಮೈದಾನದ ಆಚೆಯಿಂದ ಎರಡು ಶಬ್ದಕ್ಕೆ ಸಾಲು ಮುಗಿಸಿದವಳು, ನಾಲ್ಕು ಮೊಳ ದೂರದಿಂದ "ಏನಂದಿ" ಎಂದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮಗ್ಗ ನಿಲ್ಲಿಸಿ, ಸಮಾಧಾನದಿಂದ ಕೇಳಿ, ಉತ್ತರ ಕೊಟ್ಟು, ತಿರುಗಿ ಚಾಲೂ ಮಾಡುತ್ತಿದ್ದಳು. ಒಂದು ದಿನ ಅಪ್ಪ, "ಘಳಿಗಿಗೊಮ್ಮೆ ಮಗ್ಗ ನಿಂದ್ರಿಸಬ್ಯಾಡ್ರೆವಾ" ಎಂದ. ಅಲ್ಲಿಂದ ನಾನೇ ಮಾತಾಡಿಸುವುದನ್ನು ಕಡಿಮೆ ಮಾಡಿದೆ.

ನಾನು ಓದಿದೆ, ಜಮಖಂಡಿಯಲ್ಲಿ ಕಾಲೇಜು ಮುಗಿಸಿದೆ, ಈಗ ಮುಧೋಳದಲ್ಲಿ ಆಫೀಸಿನ ಕೆಲಸ. ಅ ತುಕಡಿ ನನಗೆ ಅನ್ನ ಕೊಟ್ಟಿದೆ, ಸುಳ್ಳು ಯಾಕೆ ಹೇಳಲಿ? ನಡುವಿನ ಆ ದನಿಯೂ ಬಂತು. "ನಿಮ್ಮ ಮಾತು ಎಷ್ಟು ಮೆತ್ತಗ್ರೀ" ಎನ್ನುತ್ತಾರೆ ಆಫೀಸಿನಲ್ಲಿ. ಅಕ್ಕನನ್ನು ರಬಕವಿಗೆ ಕೊಟ್ಟರು. ಅವಳದು ಈಗ ನನಗಿಂತ ದೊಡ್ಡ ಮನೆ, ಸ್ವಂತ ಮಗ್ಗ, ಕೈಕೆಳಗೆ ಆಳುಗಳು. ಫೋನು ಮಾಡಿದರೆ ನಗುತ್ತ ಮಾತಾಡುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ, ಹೊರಡುವಾಗ ಚಟ್ನಿಪುಡಿ ಕಟ್ಟುತ್ತಾಳೆ. ಯಾವುದಕ್ಕೂ ಕೊರತೆ ಮಾಡಿಲ್ಲ. ಆ ಶಾಲೆಯ ಸುದ್ದಿಯನ್ನು ಮಾತ್ರ ಇಬ್ಬರೂ ತೆಗೆಯುವುದಿಲ್ಲ. ತುಟಿಯ ಮಾತನ್ನು ಅವಳು ಆ ವರ್ಷವೇ ಬಿಟ್ಟುಬಿಟ್ಟಳು, ಈಗ ಅವಳಿಗೂ ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದೆ.

ಮೊನ್ನೆ ಹಬ್ಬದ ಮರುದಿನ ಅವಳ ಮನೆಯಲ್ಲಿದ್ದೆ. ಮಗ್ಗಗಳು ಸುರುವಾಗಿದ್ದವು. ನಾನು ಚಹಾ ಹಿಡಿದು ಮಗ್ಗದ ಕೋಣೆಯ ಬಾಗಿಲಿಗೆ ಬಂದೆ. ಅಕ್ಕ ಈ ಕಡೆಯ ಮಗ್ಗದ ಮುಂದೆ, ಅವಳ ಹತ್ತಿರ ಕೆಲಸಕ್ಕೆ ಬರುವ ಹೆಣ್ಣುಮಗಳು ಆ ಕಡೆಯ ಮಗ್ಗದ ಮುಂದೆ. ಇಬ್ಬರ ತುಟಿಗಳೂ ಆಡುತ್ತಿದ್ದವು. ಎಷ್ಟು ಸಲೀಸಾಗಿ, ಎಷ್ಟು ಖುಷಿಯಿಂದ ಅಕ್ಕ ಮಾತಾಡುತ್ತಿದ್ದಳೆಂದರೆ ನಾನು ಅಲ್ಲಿಯೇ ನಿಂತುಬಿಟ್ಟೆ. "ತಂಗಿ" ಎಂದದ್ದು ತಿಳಿಯಿತು. ಮುಂದಿನದು ತಿಳಿಯಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ, ಒಂದು ಶಬ್ದವೂ ಸಿಗಲಿಲ್ಲ. ಆ ಹೆಣ್ಣುಮಗಳು ನನ್ನ ಕಡೆ ನೋಡಿ ನಕ್ಕಳು, ಅಕ್ಕನೂ ನಕ್ಕಳು.

"ಏನಂತ ಅಕ್ಕಾ?" ಎಂದೆ. ನನ್ನ ಮೆತ್ತನೆಯ ದನಿ ಆ ಸದ್ದಿನಲ್ಲಿ ಎಲ್ಲಿ ಹೋಯಿತೋ. ಅಕ್ಕ ಹಿಡಿ ಎಳೆದು ಮಗ್ಗ ನಿಲ್ಲಿಸಿದಳು.

"ಏನಿಲ್ಲ ಬೇ, ನೀ ಚಾ ಕುಡಿ. ಆರತೈತಿ" ಎಂದು ತಿರುಗಿ ಚಾಲೂ ಮಾಡಿದಳು.

ಅವಳಿಗೆ ಮರೆತಿರಲಿಲ್ಲ. ಅಷ್ಟು ವರ್ಷವೂ ಆ ಮಾತನ್ನು ದಿನಾ ಆಡಿಕೊಂಡೇ ಬಂದಿದ್ದಳು, ನನ್ನೊಬ್ಬಳನ್ನು ಬಿಟ್ಟು.